ಕರಡು ತಿದ್ದುವವನಿಗೊಂದು ಚೀಟಿ



ಕಳೆದ ವರ್ಷದ ಅಭ್ಯಾಸಪರೀಕ್ಷೆಯ ದಿನ ಎಂಟನೆಯ ತರಗತಿಯಲ್ಲಿ ನಡೆದ ಸಂಗತಿಯು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ವಿಜ್ಞಾನದ ಪ್ರಶ್ನಪತ್ರಿಕೆಯನ್ನು ಹಂಚಿ, ಬಾಗಿಲನ್ನು ಅರ್ಧ ಮುಚ್ಚಿ, ನಾವು ಕುರ್ಚಿಯಲ್ಲಿ ಕುಳಿತು ಐದು ನಿಮಿಷವೂ ಕಳೆದಿರಲಿಲ್ಲ. ಮೂರನೆಯ ಬೆಂಚಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, ಹೇಳಲೋ ಬೇಡವೋ ಎಂಬ ದನಿಯಲ್ಲಿ, "ಸರ್, ಕೊನೆಯ ಪುಟದಲ್ಲಿ ಉತ್ತರಗಳೇ ಅಚ್ಚಾಗಿವೆ" ಎಂದಳು. ತಿರುವಿ ನೋಡಿದರೆ ಅವಳು ಹೇಳಿದ್ದು ನಿಜ. ಒಂದರಿಂದ ಇಪ್ಪತ್ತರವರೆಗೆ ಎಲ್ಲ ಉತ್ತರಗಳೂ ಸಾಲಾಗಿ ನಿಂತಿದ್ದವು.

ಆ ಪರೀಕ್ಷೆಯನ್ನು ರದ್ದುಪಡಿಸಿ, ಬೇರೆ ಪತ್ರಿಕೆಯನ್ನು ಸಿದ್ಧಪಡಿಸಿ, ಮುಂದಿನ ವಾರ ಮತ್ತೆ ನಡೆಸಬೇಕಾಯಿತು. ದೂರದಿಂದ ಲೋಕಲ್ ಗಾಡಿಯಲ್ಲಿ ಬರುವ ಮಕ್ಕಳು ಒಂದು ರಜೆಯ ದಿನವನ್ನು ಕಳೆದುಕೊಂಡರು. ಝೆರಾಕ್ಸ್ ಅಂಗಡಿಯ ಹುಡುಗನು ಪುಟಗಳನ್ನು ತಪ್ಪಿ ಸೇರಿಸಿದನೆಂದು ಕೆಲವರೂ, ಗಣಕಯಂತ್ರವು ಕೆಟ್ಟಿತೆಂದು ಕೆಲವರೂ ಮಾತನಾಡಿಕೊಂಡರು. ಎರಡೂ ಸುಳ್ಳು. ಹುಡುಗನು ಕೊಟ್ಟದ್ದನ್ನು ಕೊಟ್ಟ ಹಾಗೆ ಅಚ್ಚು ತೆಗೆದನು. ಯಂತ್ರವು ಹೇಳಿದ್ದನ್ನು ಹೇಳಿದ ಕ್ರಮದಲ್ಲಿ ಮಾಡಿತು. ತಪ್ಪಿದವರು ನಾವು. ಆ ತಪ್ಪು ಎಲ್ಲಿ ಅಡಗಿತ್ತೆಂಬುದನ್ನು ಕಂಡುಹಿಡಿಯಲು ನಮಗೆ ಎರಡು ರಾತ್ರಿ ಬೇಕಾದವು. ಗಣಕಯಂತ್ರದ ಕೋಣೆಗೆ ಬರುವ ನಿಮಗೆ ಅದು ಉಪಯುಕ್ತವಾದೀತೆಂದು ಇಲ್ಲಿ ಬರೆದಿದ್ದೇವೆ.

ನಮ್ಮ ಶಾಲೆಯ ಪತ್ರಿಕೆಗಳನ್ನು ನಾವು ಪ್ಯಾಂಡಾಕ್ ಎಂಬ ಸಾಧನದಿಂದ ತಯಾರಿಸುತ್ತೇವೆ. ಒಂದು ರೂಪದಲ್ಲಿ ಬರೆದ ಬರಹವನ್ನು ಇನ್ನೊಂದು ರೂಪಕ್ಕೆ ತಿರುಗಿಸುವುದೇ ಇದರ ಕೆಲಸ. ಸಾದಾ ಅಕ್ಷರಗಳಲ್ಲಿ, ಅಲ್ಲಲ್ಲಿ ಒಂದೆರಡು ಗುರುತುಗಳನ್ನು ಹಾಕಿ ಬರೆದ ಕಡತವನ್ನು ಕೊಟ್ಟರೆ ಅದು ವರ್ಡ್ ಕಡತವನ್ನೋ, ಜಾಲಪುಟವನ್ನೋ, ಇ-ಪುಸ್ತಕವನ್ನೋ ಮಾಡಿಕೊಡುತ್ತದೆ. 2006ರಲ್ಲಿ ಇದನ್ನು ಮೊದಲು ಹೊರತಂದವರು ಜಾನ್ ಮ್ಯಾಕ್‌ಫಾರ್ಲೇನ್ ಎಂಬವರು. ಅವರು ಅಮೇರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರು, ಯಂತ್ರಶಾಸ್ತ್ರದವರಲ್ಲ. ಬರೆಯುವವನ ಕಷ್ಟ ಬರೆಯುವವನಿಗೇ ಗೊತ್ತು ಎಂಬ ಮಾತಿಗೆ ಇದೊಂದು ನಿದರ್ಶನವೆಂದು ನಮಗೆ ತೋರುತ್ತದೆ. ಸಾಧನಕ್ಕೆ ಬೆಲೆಯಿಲ್ಲ, ಯಾರು ಬೇಕಾದರೂ ಪಡೆದುಕೊಳ್ಳಬಹುದು, ಅದರ ಒಳಗನ್ನು ಬಿಚ್ಚಿಯೂ ನೋಡಬಹುದು. ಯೂನಿಕೋಡಿನಲ್ಲಿ ಬರೆದ ಕನ್ನಡವನ್ನು ಅದು ಒಂದು ಒತ್ತಕ್ಷರವೂ ಕೆಡದಂತೆ ದಾಟಿಸುತ್ತದೆ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿಟ್ಟ ನಮ್ಮ ಹಿಂದಿನ ವರ್ಷಗಳ ಪತ್ರಿಕೆಗಳ ಗತಿ ಮಾತ್ರ ಬೇರೆ. ಆ ಕಡತಗಳಲ್ಲಿರುವುದು ಕನ್ನಡದ ವೇಷ ತೊಟ್ಟ ರೋಮನ್ ಅಕ್ಷರಗಳಾದುದರಿಂದ, ವೇಷ ಕಳಚಿದೊಡನೆ ಅರ್ಥವಿಲ್ಲದ ಸಾಲುಗಳು ಹೊರಬೀಳುತ್ತವೆ. ಆ ಕಥೆ ಇನ್ನೊಮ್ಮೆ.

ಪ್ಯಾಂಡಾಕ್ ಕೆಲಸ ಮಾಡುವ ಬಗೆಯನ್ನು ಒಂದು ಮುದ್ರಣಾಲಯಕ್ಕೆ ಹೋಲಿಸಬಹುದು. ಮೊದಲು ಹಸ್ತಪ್ರತಿಯನ್ನು ಓದುವವನೊಬ್ಬನಿದ್ದಾನೆ. ಅವನು ಬರಹವನ್ನು ಓದಿ, ಇದು ತಲೆಬರಹ, ಇದು ಕಂಡಿಕೆ, ಇದು ಪಟ್ಟಿ, ಇದು ಪದ ಎಂದು ವಿಂಗಡಿಸಿ, ಕೊಂಬೆ ರೆಂಬೆಗಳಿರುವ ಮರದಂತೆ ಜೋಡಿಸಿಡುತ್ತಾನೆ. ಕೊನೆಯಲ್ಲಿ ಪುಟ ಕಟ್ಟುವವನೊಬ್ಬನಿದ್ದಾನೆ. ಅವನು ಆ ಮರವನ್ನು ಬೇಕಾದ ರೂಪಕ್ಕೆ ಇಳಿಸಿ, ಸಿದ್ಧವಾಗಿರುವ ಚೌಕಟ್ಟಿನೊಳಗೆ ಕೂರಿಸುತ್ತಾನೆ. ಇವರಿಬ್ಬರ ನಡುವೆ, ನಮಗೆ ಬೇಕಾದರೆ, ಕರಡು ತಿದ್ದುವವನೊಬ್ಬನನ್ನು ನಾವೇ ನೇಮಿಸಿಕೊಳ್ಳಬಹುದು. ಇವನಿಗೆ ಫಿಲ್ಟರ್ ಎಂದು ಹೆಸರು. ಇವನು ಬೇರೆ ಯಾರೂ ಅಲ್ಲ, ನಾವು ಬರೆದುಕೊಟ್ಟ ಹತ್ತಿಪ್ಪತ್ತು ಸಾಲಿನ ಲಿಪಿಕೆ, ಅಂದರೆ ಸ್ಕ್ರಿಪ್ಟ್. ಮರದ ಯಾವ ಕೊಂಬೆಯನ್ನು ಕಡಿಯಬೇಕು, ಯಾವುದನ್ನು ತಿರುಗಿಸಬೇಕು ಎಂಬುದು ಅದರಲ್ಲಿರುತ್ತದೆ.

ಲಿಪಿಕೆಯನ್ನು ಬರೆಯುವ ಭಾಷೆ ಲುವಾ. 1993ರಲ್ಲಿ ಬ್ರೆಜಿಲ್ ದೇಶದ ರಿಯೊ ಡಿ ಜನೈರೋ ನಗರದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಅದು ಹುಟ್ಟಿತು. ಪೋರ್ಚುಗೀಸ್ ಭಾಷೆಯಲ್ಲಿ ಲುವಾ ಎಂದರೆ ಚಂದ್ರ. 2017ರಲ್ಲಿ ಹೊರಬಂದ ಎರಡನೆಯ ಆವೃತ್ತಿಯಿಂದ ಪ್ಯಾಂಡಾಕ್ ಈ ಚಂದ್ರನನ್ನು ತನ್ನ ಹೊಟ್ಟೆಯೊಳಗೇ ಇಟ್ಟುಕೊಂಡಿದೆ. ಆದುದರಿಂದ ನಮ್ಮ ಕೋಣೆಯ ಹಳೆಯ ಯಂತ್ರಗಳಲ್ಲಿ ಲುವಾವನ್ನು ಬೇರೆಯಾಗಿ ಸ್ಥಾಪಿಸಬೇಕಾದ ಗೋಜಿಲ್ಲ.

ಇನ್ನು ಪ್ರಶ್ನಪತ್ರಿಕೆಯ ಮಾತು. ಮೊದಲು ನಾವು ಎರಡು ಕಡತಗಳನ್ನು ಇಡುತ್ತಿದ್ದೆವು: ವಿದ್ಯಾರ್ಥಿಗಳದೊಂದು, ಉತ್ತರಸಹಿತವಾದ ಶಿಕ್ಷಕರದೊಂದು. ಒಂದರಲ್ಲಿ ತಿದ್ದಿದ ಪ್ರಶ್ನೆಯನ್ನು ಇನ್ನೊಂದರಲ್ಲಿ ತಿದ್ದಲು ಮರೆತು, ಏಳನೆಯ ಪ್ರಶ್ನೆಗೆ ಎಂಟನೆಯ ಉತ್ತರ ನೋಡಿ ಅಂಕ ಕೊಟ್ಟದ್ದೂ ಉಂಟು. ಆದ್ದರಿಂದ ಒಂದೇ ಕಡತವಿರಲಿ, ಉತ್ತರಗಳ ಭಾಗವನ್ನು ಮೇಲೆ ಕೆಳಗೆ ಮೂರು ಮೂರು ಕೋಲನ್ ಚಿಹ್ನೆಗಳಿಂದ ಆವರಿಸಿ "ಉತ್ತರ" ಎಂದು ಹೆಸರಿಡೋಣ, ವಿದ್ಯಾರ್ಥಿಗಳ ಪ್ರತಿ ತೆಗೆಯುವಾಗ ತಿದ್ದುವವನು ಆ ಭಾಗವನ್ನು ಕಿತ್ತುಹಾಕಲಿ, ಶಿಕ್ಷಕರ ಪ್ರತಿ ತೆಗೆಯುವಾಗ ಹಾಗೆಯೇ ಬಿಡಲಿ ಎಂದು ನಿಶ್ಚಯಿಸಿದೆವು.

ಉಪಾಯ ಚೆನ್ನಾಗಿಯೇ ಇದೆ. ಇಂದಿಗೂ ಅದನ್ನೇ ಅನುಸರಿಸುತ್ತಿದ್ದೇವೆ. ಆದರೆ ಈ ಸಲ ಯಾವ ಪ್ರತಿ ಬೇಕಾಗಿದೆಯೆಂಬುದು ತಿದ್ದುವವನಿಗೆ ತಿಳಿಯುವ ಬಗೆ ಹೇಗೆ? ಪ್ರತಿ ಸಲವೂ ಲಿಪಿಕೆಯನ್ನೇ ಬಿಚ್ಚಿ ಒಂದು ಪದ ಬದಲಾಯಿಸುವುದಾದರೆ ಎರಡು ಕಡತ ಇಡುವುದಕ್ಕೂ ಅದಕ್ಕೂ ಏನು ಭೇದ? ಪ್ಯಾಂಡಾಕನ್ನು ಓಡಿಸುವುದು ಇಲಿಯಿಂದ ಗುಂಡಿ ಒತ್ತಿ ಅಲ್ಲ, ಕಪ್ಪು ಕಿಟಕಿಯಲ್ಲಿ ಒಂದು ಸಾಲು ಬೆರಳಚ್ಚು ಮಾಡಿ. ಕಮಾಂಡ್ ಲೈನ್ ಎನ್ನುವ ಆ ಆದೇಶದ ಸಾಲಿನಲ್ಲಿಯೇ ನಮ್ಮ ಇಚ್ಛೆಯನ್ನೂ ಸೇರಿಸಿಬಿಟ್ಟರೆ ಕೆಲಸವಾಗಬೇಕು.

ಮೊದಲನೆಯ ಪ್ರಯತ್ನದಲ್ಲಿ ಲಿಪಿಕೆಯ ಹೆಸರಿನ ಮುಂದೆಯೇ "ವಿದ್ಯಾರ್ಥಿ" ಎಂದು ಬರೆದೆವು. ಪ್ಯಾಂಡಾಕ್ ಅದನ್ನು ಇನ್ನೊಂದು ಹಸ್ತಪ್ರತಿಯ ಹೆಸರೆಂದು ತಿಳಿದು, ಅಂಥ ಕಡತವೇ ಇಲ್ಲವೆಂದು ದೂರಿತು. ಅದರ ದೂರು ನ್ಯಾಯವಾದುದೇ. ಸಾಲಿನಲ್ಲಿ ಅಡ್ಡಗೆರೆಯ ಗುರುತಿಲ್ಲದೆ ಬಿಡಿಯಾಗಿ ನಿಂತ ಪದವೆಲ್ಲ ಅದರ ಕಣ್ಣಿಗೆ ಓದಬೇಕಾದ ಕಡತ. ಹಾಗಾದರೆ ಅಡ್ಡಗೆರೆ ಹಾಕಿ ನಮ್ಮದೇ ಒಂದು ಹೊಸ ಸೂಚನೆಯನ್ನು ಸೃಷ್ಟಿಸೋಣವೆಂದರೆ, ಗೊತ್ತಿಲ್ಲದ ಸೂಚನೆ ಎಂದು ನಿಂತುಬಿಟ್ಟಿತು. ಲಿಪಿಕೆಗೆ ನೇರವಾಗಿ ಕಿವಿಮಾತು ಹೇಳುವ ದಾರಿಯೇ ಇಲ್ಲ ಎಂಬುದು ಇದರಿಂದ ನಾವು ಕಲಿತ ಮೊದಲ ಪಾಠ.

ಕೈಪಿಡಿಯನ್ನು ತೆರೆದೆವು. ಊರಿನ ಕನ್ನಡ ಶಾಲೆಯಲ್ಲಿಯೇ ಎಸ್.ಎಸ್.ಎಲ್.ಸಿ. ಮುಗಿಸಿ ಈ ಮುಂಬಯಿಗೆ ಬಂದವರಾದುದರಿಂದ, ಇಂಗ್ಲಿಷ್ ಕೈಪಿಡಿಯನ್ನು ನಾವು ಇಂದಿಗೂ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದುವವರೇ. ಅದರಲ್ಲಿ ಸೂಚನೆ ಕೊಡಲು ಎರಡು ದಾರಿಗಳು ಕಂಡವು: ಅಡ್ಡಗೆರೆ ಹಾಕಿ ದೊಡ್ಡಕ್ಷರದ ವಿ, ಅಡ್ಡಗೆರೆ ಹಾಕಿ ದೊಡ್ಡಕ್ಷರದ ಎಂ. ಎರಡಕ್ಕೂ ಹೆಸರು, ಸಮಚಿಹ್ನೆ, ಬೆಲೆ ಎಂಬ ಒಂದೇ ಕ್ರಮ. ಎರಡೂ ಒಂದೇ ಇರಬೇಕೆಂದುಕೊಂಡು ಮೊದಲು ಕಂಡ ವಿ ಅಕ್ಷರವನ್ನೇ ಆರಿಸಿದೆವು. (ಚಿಕ್ಕಕ್ಷರದ ವಿ ಒತ್ತಿದರೆ ಪ್ಯಾಂಡಾಕ್ ತನ್ನ ಆವೃತ್ತಿಯ ಸಂಖ್ಯೆಯನ್ನು ಹೇಳಿ ಸುಮ್ಮನಾಗುತ್ತದೆ, ಆ ಪೆಟ್ಟನ್ನೂ ತಿಂದೆವು.) ಸೂಚನೆ ತಲುಪಿತೋ ಇಲ್ಲವೋ ಎಂದು ನೋಡಲು, ದೊರೆತ ಬೆಲೆಯನ್ನು ಪರದೆಯ ಮೇಲೆ ಬರೆ ಎಂಬ ಒಂದು ಸಾಲನ್ನು ಲಿಪಿಕೆಯಲ್ಲಿ ಸೇರಿಸಿದ್ದೆವು. ಪರದೆ ಖಾಲಿಯಾಗಿಯೇ ಉಳಿಯಿತು.

ಕಾರಣವನ್ನು ನಮ್ಮ ಮುದ್ರಣಾಲಯದ ಹೋಲಿಕೆಯಿಂದಲೇ ಹೇಳುತ್ತೇವೆ. ವಿ ಎಂಬುದು ವೇರಿಯಬಲ್. ಅದು ಬಾಗಿಲಲ್ಲಿ ನಿಂತು ಪುಟ ಕಟ್ಟುವವನ ಕಿವಿಯಲ್ಲಿ ಹೇಳಿದ ಮಾತು: ಅಂಚು ಇಷ್ಟಿರಲಿ, ಅಕ್ಷರ ಇಷ್ಟು ದೊಡ್ಡದಿರಲಿ ಎಂಬಂಥದು. ನಡುವೆ ಕುಳಿತ ತಿದ್ದುವವನಿಗೆ ಅದು ಕೇಳಿಸದು. ಎಂ ಎಂಬುದು ಮೆಟಾಡೇಟಾ. ಅದು ಹಸ್ತಪ್ರತಿಗೆ ಗುಂಡುಸೂಜಿಯಿಂದ ಚುಚ್ಚಿದ ಚೀಟಿ. ಲೇಖಕನ ಹೆಸರು, ಶೀರ್ಷಿಕೆ, ದಿನಾಂಕ ಮೊದಲಾದವು ಇರುವ ಜಾಗವೇ ಅದು. ಹಸ್ತಪ್ರತಿ ಹೋದಲ್ಲೆಲ್ಲ ಆ ಚೀಟಿಯೂ ಹೋಗುತ್ತದೆ. ತಿದ್ದುವವನೂ ಓದುತ್ತಾನೆ, ಪುಟ ಕಟ್ಟುವವನೂ ಓದುತ್ತಾನೆ. ಇತ್ತೀಚಿನ ಆವೃತ್ತಿಗಳಲ್ಲಿ ವಿ ಮೂಲಕ ಕೊಟ್ಟ ಮಾತನ್ನೂ ಲಿಪಿಕೆಯು ಹಿತ್ತಿಲ ಬಾಗಿಲಿನಿಂದ ಇಣುಕಿ ನೋಡಬಹುದಾಗಿದೆಯಾದರೂ, ತಿದ್ದುವವನಿಗೆ ಹೇಳಬೇಕಾದುದನ್ನು ಚೀಟಿಯಲ್ಲಿ ಬರೆಯುವುದೇ ನೇರವಾದ ಮಾರ್ಗ.

ಹೀಗೆ ಮೂರನೆಯ ಪ್ರಯತ್ನಕ್ಕೆ ಬಂದೆವು. ಆದೇಶದ ಸಾಲು ಈ ರೀತಿ ಇತ್ತು. ಯಂತ್ರದಲ್ಲಿ ಇದನ್ನೆಲ್ಲ ರೋಮನ್ ಲಿಪಿಯಲ್ಲಿ ಬರೆದಿದ್ದೆವು. ಇಲ್ಲಿ ಓದುವ ಅನುಕೂಲಕ್ಕಾಗಿ ಕನ್ನಡದಲ್ಲಿ ಕೊಟ್ಟಿದ್ದೇವೆ:

ಪ್ಯಾಂಡಾಕ್ ಪತ್ರಿಕೆ.ಎಂಡಿ -ಎಲ್ ಉತ್ತರ.ಲುವಾ -ಎಂ ಪ್ರತಿ=ವಿದ್ಯಾರ್ಥಿ -ಓ ಮಕ್ಕಳಪ್ರತಿ.ಡಾಕ್ಸ್

ಎಲ್ ಎಂಬುದರ ಮುಂದೆ ಇರುವುದು ತಿದ್ದುವವನ ಹೆಸರು, ಎಂ ಎಂಬುದರ ಮುಂದೆ ಚೀಟಿ, ಚಿಕ್ಕಕ್ಷರದ ಓ ಎಂಬುದರ ಮುಂದೆ ಹೊರಬರಬೇಕಾದ ಕಡತ. ಚೀಟಿಯನ್ನು ಸಾಲಿನಲ್ಲಿ ಹಿಂದೆ ಬರೆದರೂ ಮುಂದೆ ಬರೆದರೂ ಒಂದೇ. ಒತ್ತಿದೊಡನೆ ಪರದೆಯ ಮೇಲೆ "ವಿದ್ಯಾರ್ಥಿ" ಎಂಬ ಪದ ಮೂಡಿತು. ಆಗ ರಾತ್ರಿ ಹನ್ನೊಂದು ಗಂಟೆ. ಚೀಟಿ ತಲುಪಿತೆಂಬ ಸಂತೋಷದಲ್ಲಿ ಮೊದಲ ಪುಟವನ್ನಷ್ಟೇ ನೋಡಿ, ಕೊನೆಯ ಪುಟವನ್ನು ತೆರೆಯದೆಯೇ ಮಲಗಿದೆವು. ಬೆಳಿಗ್ಗೆ ಕಡತವು ಝೆರಾಕ್ಸ್ ಅಂಗಡಿಗೆ ಹೋಯಿತು. ಮುಂದಿನದು ನಿಮಗೆ ಗೊತ್ತು.

ಚೀಟಿ ತಲುಪಿದ್ದು ನಿಜ, ತಿದ್ದುವವನು ಅದನ್ನು ಓದಿದ್ದೂ ನಿಜ. ಓದಿದ್ದು ಯಾವಾಗ ಎಂಬುದೇ ಪ್ರಶ್ನೆ. ಲುವಾದ ಫಿಲ್ಟರ್ ಒಂದು ಗೊತ್ತಾದ ಕ್ರಮದಲ್ಲಿ ಹಸ್ತಪ್ರತಿಯನ್ನು ತಿದ್ದುತ್ತದೆ. ಮೊದಲು ಸಾಲಿನೊಳಗಿನ ಪದ, ಒತ್ತಕ್ಷರ, ಕೊಂಡಿ ಇತ್ಯಾದಿ ಚಿಕ್ಕ ಘಟಕಗಳು. ಆಮೇಲೆ ಕಂಡಿಕೆ, ಪಟ್ಟಿ, ಆವರಣ ಇತ್ಯಾದಿ ದೊಡ್ಡ ಘಟಕಗಳು. ಅದಾದ ಮೇಲೆ ಮೆಟಾಡೇಟಾದ ಚೀಟಿ. ಕಟ್ಟಕಡೆಗೆ ಹಸ್ತಪ್ರತಿಯನ್ನು ಒಟ್ಟಾಗಿ ಒಮ್ಮೆ ನೋಡುವುದು. ನಮ್ಮ ಲಿಪಿಕೆಯಲ್ಲಿ ಚೀಟಿ ಓದುವ ಭಾಗವನ್ನು ನಾವು ಎಲ್ಲಕ್ಕಿಂತ ಮೇಲೆ ಬರೆದಿದ್ದೆವು. ಮೇಲೆ ಬರೆದದ್ದು ಮೊದಲು ನಡೆಯುತ್ತದೆಂದು ಭಾವಿಸಿದ್ದೆವು. ಆದರೆ ಬರೆದ ಸ್ಥಾನಕ್ಕೂ ನಡೆಯುವ ಸರದಿಗೂ ಇಲ್ಲಿ ಸಂಬಂಧವಿಲ್ಲ. ಉತ್ತರಗಳ ಆವರಣವು ಕೈಗೆ ಬಂದಾಗ ತಿದ್ದುವವನು ಚೀಟಿಯನ್ನು ಇನ್ನೂ ನೋಡಿರಲಿಲ್ಲ. ಚೀಟಿ ಇಲ್ಲದಿದ್ದರೆ ಶಿಕ್ಷಕರ ಪ್ರತಿಯೆಂದು ತಿಳಿ ಎಂದು ಲಿಪಿಕೆಯಲ್ಲಿ ನಾವೇ ಬರೆದಿದ್ದೆವು. ಅದರಂತೆ ಅವನು ಉತ್ತರಗಳನ್ನು ಮುಟ್ಟದೆ ಬಿಟ್ಟು, ಎಲ್ಲ ಮುಗಿದ ಮೇಲೆ ಚೀಟಿಯನ್ನು ಎತ್ತಿ, ಅದರಲ್ಲಿದ್ದ "ವಿದ್ಯಾರ್ಥಿ" ಎಂಬ ಪದವನ್ನು ಪರದೆಯ ಮೇಲೆ ಗಟ್ಟಿಯಾಗಿ ಓದಿ ಹೇಳಿದನು. ನಾವು ಕೇಳಿ ತೃಪ್ತರಾದೆವು! ಈ ಕ್ರಮವನ್ನು ಕೈಪಿಡಿಯಲ್ಲಿ ಸ್ಪಷ್ಟವಾಗಿಯೇ ಬರೆದಿದ್ದಾರೆ. ಆ ಪುಟದಲ್ಲಿ ಕಠಿಣ ಪದಗಳು ಹೆಚ್ಚೆಂದು ನಾವು ಹಾರಿಸಿದ್ದೆವು.

ಪರಿಹಾರವು ಎರಡು ಸಾಲಿನದು. ಲಿಪಿಕೆಯ ಕೊನೆಯಲ್ಲಿ, ನನ್ನ ಕೆಲಸವನ್ನು ಎರಡು ಸುತ್ತಾಗಿ ಮಾಡು ಎಂದು ಒಂದು ಪಟ್ಟಿಯನ್ನು ಹಿಂತಿರುಗಿಸಬೇಕು. ಮೊದಲ ಸುತ್ತಿನಲ್ಲಿ ಚೀಟಿಯನ್ನು ಓದುವುದು ಮಾತ್ರ. ಎರಡನೆಯ ಸುತ್ತಿನಲ್ಲಿ ಉತ್ತರಗಳ ಆವರಣವನ್ನು ನೋಡುವುದು ಮಾತ್ರ. ಒಂದು ಸುತ್ತು ಪೂರ್ತಿ ಮುಗಿಯದೆ ಮುಂದಿನದು ಆರಂಭವಾಗದಾದುದರಿಂದ, ಕತ್ತರಿ ಹಿಡಿಯುವ ಹೊತ್ತಿಗೆ ತಿದ್ದುವವನಿಗೆ ಎಲ್ಲ ತಿಳಿದಿರುತ್ತದೆ. ಹಸ್ತಪ್ರತಿಯನ್ನು ಒಟ್ಟಾಗಿ ನೋಡುವ ಕೊನೆಯ ಹಂತದಲ್ಲಿಯೇ ಚೀಟಿಯನ್ನೂ ಓದಿ, ಅಲ್ಲಿಂದಲೇ ಮರವನ್ನೆಲ್ಲ ಸುತ್ತಿ ಬಾ ಎಂದು ಹೇಳುವ ಇನ್ನೊಂದು ಕ್ರಮವೂ ಇದೆ. ನಮಗೆ ಮೊದಲನೆಯದೇ ಸುಲಭವಾಗಿ ಕಂಡಿತು.

ಇದಲ್ಲದೆ ಇನ್ನೊಂದು ತಿದ್ದುಪಡಿಯನ್ನೂ ಮಾಡಿದೆವು. ಚೀಟಿ ಇಲ್ಲದಿದ್ದರೆ ವಿದ್ಯಾರ್ಥಿಗಳ ಪ್ರತಿಯೆಂದು ತಿಳಿ ಎಂದು ಬದಲಾಯಿಸಿದೆವು. ಈಗ ಚೀಟಿ ದಾರಿಯಲ್ಲಿ ಕಳೆದರೂ, ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ, ಉತ್ತರಗಳು ಕಾಣೆಯಾಗುತ್ತವೆಯೇ ಹೊರತು ಹೊರಬೀಳುವುದಿಲ್ಲ. ಶಿಕ್ಷಕರ ಕೈಗೆ ಉತ್ತರವಿಲ್ಲದ ಪ್ರತಿ ಬಂದರೆ ಮತ್ತೊಮ್ಮೆ ತೆಗೆದರಾಯಿತು. ಮಕ್ಕಳ ಕೈಗೆ ಉತ್ತರವಿರುವ ಪ್ರತಿ ಹೋದರೆ ಆ ದಿನವೇ ಹೋಯಿತು. ಮೊದಲೇ ಹೀಗೆ ಬರೆದಿದ್ದರೆ ಸರದಿಯ ತಪ್ಪು ಇದ್ದೂ ಪರೀಕ್ಷೆ ಕೆಡುತ್ತಿರಲಿಲ್ಲ. ಯಾವ ಲಿಪಿಕೆಯನ್ನು ಬರೆಯುವಾಗಲೂ ಇದನ್ನು ಮೊದಲು ಯೋಚಿಸಬೇಕೆಂಬುದು ನಮ್ಮ ಅಭಿಪ್ರಾಯ.

ಚೀಟಿ ಬರೆಯುವ ಬಗೆಯಲ್ಲಿ ಕೆಲವು ಸೂಕ್ಷ್ಮಗಳಿವೆ. ಬೆಲೆಯಲ್ಲಿ ಎರಡು ಪದಗಳಿದ್ದರೆ ಉದ್ಧರಣಚಿಹ್ನೆಯೊಳಗೆ ಇಡಬೇಕು. ಇಲ್ಲವಾದರೆ ಕಪ್ಪು ಕಿಟಕಿಯು ಖಾಲಿ ಜಾಗದಲ್ಲಿ ಸಾಲನ್ನು ತುಂಡುಮಾಡಿ, ಎರಡನೆಯ ಪದವನ್ನು ಮತ್ತೆ ಕಡತದ ಹೆಸರೆಂದು ಹುಡುಕಹೊರಡುತ್ತದೆ. ಅಂಕಿಯನ್ನು ಬರೆದರೆ ಅದು ಅಂಕಿಯಾಗಿ ತಲುಪುವುದಿಲ್ಲ, ಅಕ್ಷರವಾಗಿ ತಲುಪುತ್ತದೆ. ತರಗತಿ=9 ಎಂದು ಚೀಟಿ ಕಳಿಸಿ, ಲಿಪಿಕೆಯಲ್ಲಿ ಅದು ಒಂಬತ್ತಕ್ಕೆ ಸಮವೇ ಎಂದು ಕೇಳಿದರೆ ಲುವಾ ಅಲ್ಲವೆನ್ನುತ್ತದೆ. ಏಕೆಂದರೆ ಕಾಗದದ ಮೇಲೆ ಬರೆದ 9 ಎಂಬ ಗುರುತೂ ಎಣಿಕೆಯ ಒಂಬತ್ತೂ ಅದರ ಲೆಕ್ಕದಲ್ಲಿ ಬೇರೆ ಬೇರೆ. ಮೊದಲು ಸಂಖ್ಯೆಯಾಗಿ ಮಾರ್ಪಡಿಸಿಕೊಳ್ಳಬೇಕು. ಬೆಲೆಯನ್ನೇ ಬರೆಯದೆ ಬರಿಯ ಹೆಸರನ್ನು ಕೊಟ್ಟರೆ ಅದನ್ನು "ಟ್ರೂ", ಅಂದರೆ ಹೌದು, ಎಂದು ಪ್ಯಾಂಡಾಕ್ ಗ್ರಹಿಸುತ್ತದೆ. "ಫಾಲ್ಸ್" ಎಂಬ ಇಂಗ್ಲಿಷ್ ಪದವನ್ನು ಬರೆದರೆ ಅಲ್ಲ ಎಂದು ಗ್ರಹಿಸುತ್ತದೆ. ಆದರೆ ನಮ್ಮಂತೆ ಯಾರಾದರೂ ಉತ್ತರ=ಬೇಡ ಎಂದು ಬರೆದರೆ? ಅದು ಬರಿಯ ಒಂದು ಪದ. ಲುವಾದಲ್ಲಿ ಫಾಲ್ಸ್ ಮತ್ತು ಶೂನ್ಯತೆಯನ್ನು ಸೂಚಿಸುವ ನಿಲ್ ಇವೆರಡರ ಹೊರತು ಉಳಿದುದೆಲ್ಲ ಹೌದೇ; ಸೊನ್ನೆಯೂ ಹೌದೇ. ಹೀಗಾಗಿ ಬೇಡವೆಂದದ್ದು ಬೇಕೆಂದು ನಡೆದುಬಿಡುತ್ತದೆ. ಅದಕ್ಕಾಗಿಯೇ ನಾವು ಬೇಕು ಬೇಡಗಳ ಗೊಡವೆಗೆ ಹೋಗದೆ ಪ್ರತಿಯ ಹೆಸರನ್ನೇ ಬರೆಯುವ ರೂಢಿಯನ್ನು ಇಟ್ಟುಕೊಂಡೆವು.

ಹಸ್ತಪ್ರತಿಯ ತಲೆಯ ಮೇಲೆಯೇ ಲೇಖಕನು ಪ್ರತಿ: ಶಿಕ್ಷಕ ಎಂದು ಬರೆದಿಟ್ಟಿದ್ದು, ಆದೇಶದ ಸಾಲಿನಲ್ಲಿ ವಿದ್ಯಾರ್ಥಿ ಎಂದಿದ್ದರೆ ಯಾರ ಮಾತು ನಡೆಯಬೇಕು? ಆದೇಶದ ಸಾಲಿನದೇ. ಆದರೆ ಇಂಥ ಬೆಲೆಗಳನ್ನು ಬೇರೆ ಒಂದು ಕಡತದಲ್ಲಿ ಬರೆದು ಮೆಟಾಡೇಟಾ-ಫೈಲ್ ಎಂಬ ಸೂಚನೆಯಿಂದ ಕೊಟ್ಟರೆ, ಅದಕ್ಕಿಂತ ಹಸ್ತಪ್ರತಿಯ ತಲೆಯ ಮಾತೇ ಮೇಲು. ಹಾಗೆಯೇ ತಲೆಯ ಮೇಲೆ ಬರೆದ ಬೆಲೆಯು ಬರಹದ ಒಂದು ತುಣುಕಾಗಿ ಮರದೊಳಗೆ ಸೇರುತ್ತದೆ. ಸಾಲಿನಿಂದ ಬಂದದ್ದು ಬರಿಯ ಪದ. ಎರಡನ್ನೂ ಒಂದೇ ರೂಪಕ್ಕೆ ತರುವ ಸ್ಟ್ರಿಂಗಿಫೈ ಎಂಬ ಉಪಕರಣವನ್ನು ಪ್ಯಾಂಡಾಕ್ ತಾನೇ ಒದಗಿಸಿದೆ. ಹೋಲಿಸುವ ಮೊದಲು ಅದನ್ನು ಬಳಸುವುದು ಕ್ಷೇಮ.

ಪರಿಸರದ ಬೆಲೆಗಳೆಂಬ ಇನ್ನೊಂದು ದಾರಿಯೂ ಉಂಟು. ಕಪ್ಪು ಕಿಟಕಿಯಲ್ಲಿ ಮೊದಲೇ ಒಂದು ಹೆಸರಿಗೆ ಬೆಲೆ ಕಟ್ಟಿಟ್ಟರೆ ಲಿಪಿಕೆಯು ಅದನ್ನು ತಾನಾಗಿ ಕೇಳಿ ಪಡೆಯಬಹುದು. ಸರದಿಯ ತೊಡಕು ಅದರಲ್ಲಿಲ್ಲ. ಆದರೆ ಹಾಗೆ ಕಟ್ಟಿಟ್ಟದ್ದು ಆ ಕಿಟಕಿಯನ್ನು ಮುಚ್ಚುವವರೆಗೂ ಕಣ್ಣಿಗೆ ಕಾಣದಂತೆ ಉಳಿದಿರುತ್ತದೆ. ಶಿಕ್ಷಕರ ಪ್ರತಿ ತೆಗೆದವರು ಎದ್ದುಹೋಗಿ, ಅದೇ ಕಿಟಕಿಯಲ್ಲಿ ಇನ್ನೊಬ್ಬರು ಮಕ್ಕಳ ಪ್ರತಿ ತೆಗೆದರೆ ಮತ್ತೆ ಅದೇ ಅನಾಹುತ. ಹಲವರು ಕೂರುವ ನಮ್ಮ ಕೋಣೆಗೆ ಅದು ತಕ್ಕುದಲ್ಲವೆಂದು ಬಿಟ್ಟೆವು. ಚೀಟಿಯಾದರೋ ಸಾಲಿನಲ್ಲಿಯೇ ಇರುತ್ತದೆ. ಮೇಲಿನ ಬಾಣದ ಗುಂಡಿಯನ್ನು ಒತ್ತಿದರೆ ನಾವು ಏನು ಹೇಳಿದ್ದೆವೆಂಬುದು ಕಣ್ಣಮುಂದೆ ನಿಲ್ಲುತ್ತದೆ.

ಪರದೆಯ ಮೇಲೆ ಬೆಲೆಯನ್ನು ಬರೆಯಿಸುವ ಆ ಒಂದು ಸಾಲನ್ನು ನಾವು ತೆಗೆದುಹಾಕಲಿಲ್ಲ, ಸ್ಥಳ ಬದಲಾಯಿಸಿದೆವು. ಈಗ ಅದು ಚೀಟಿ ಓದುವಲ್ಲಿ ಇಲ್ಲ. ಉತ್ತರಗಳ ಆವರಣವನ್ನು ಕಿತ್ತ ಜಾಗದಲ್ಲಿಯೇ ನಿಂತು, "ಒಂದು ಭಾಗ ತೆಗೆಯಲಾಗಿದೆ" ಎಂದು ಹೇಳುತ್ತದೆ.

ಮರುಪರೀಕ್ಷೆಯ ಹಿಂದಿನ ದಿನ ಸಂಜೆ, ಆ ರದ್ದಾದ ಹಳೆಯ ಪತ್ರಿಕೆಯ ಮೇಲೆಯೇ ಹೊಸ ಲಿಪಿಕೆಯನ್ನು ಪರೀಕ್ಷಿಸಲು ಅದೇ ವಿದ್ಯಾರ್ಥಿನಿಯನ್ನು ಕರೆದೆವು. ಅವಳು ಎರಡು ಸಾಲುಗಳನ್ನೂ ತಾನೇ ಬೆರಳಚ್ಚು ಮಾಡಿ, ಎರಡು ಕಡತಗಳನ್ನೂ ತೆರೆದು, ಮೊದಲ ಪುಟವನ್ನು ಬಿಟ್ಟು ನೇರವಾಗಿ ಕೊನೆಯ ಪುಟಕ್ಕೆ ಹೋದಳು. ಆ ಎರಡು ಸಾಲುಗಳನ್ನು ಅವಳ ಕೈಬರಹದಲ್ಲಿಯೇ ಗಣಕಯಂತ್ರದ ಕೋಣೆಯ ಗೋಡೆಗೆ ಅಂಟಿಸಿದ್ದೇವೆ. ಎಂಟನೆಯ ತರಗತಿಯಿಂದ ಮೇಲಿನವರು ಶನಿವಾರ ಶಾಲೆ ಬಿಟ್ಟ ಮೇಲೆ ಬಂದು ಪ್ರಯೋಗಿಸಿ ನೋಡಬಹುದು. ಹಳೆಯ ತಪ್ಪು ಲಿಪಿಕೆಯನ್ನೂ ಹೊಸದರ ಪಕ್ಕದಲ್ಲಿ ಹಾಗೆಯೇ ಇಟ್ಟಿದ್ದೇವೆ.